ತಂಪಿನ ಔಷಧ

ರುದ್ರವ್ವನ ಗಂಟಲಿನಲ್ಲಿ ಪುಣೆಯ ಅರ್ಧ ಧನಕವಡಿ ಬಡಾವಣೆ ಬಾಡಿಗೆಗಿತ್ತು. ತರಕಾರಿಯವನ ಕೂಗು, ಸೊಸೈಟಿ ಸೆಕ್ರೆಟರಿಯ ಗೊರಗೊರ, ಮುಂದೆ ನಡೆಯಿರಿ ಎಂದು ದೂಡುವ ಬಸ್ ಕಂಡಕ್ಟರನ "ಪುಢೇ ಚಲಾ, ಪುಢೇ ಚಲಾ", ಯಾರನ್ನು ಕರೆದರೂ ಹೊರಗೆ ಬರುತ್ತಿದ್ದರು. ಹಾಗಾಗಿ ಮೂರು ತಿಂಗಳ ಹಿಂದೆ, ಮಗಳು ಸ್ನೇಹಲ್‌ಳನ್ನು ಬಿಬವೇವಾಡಿಯ ಡಾಕ್ಟರ್ ಸಿಂಧೂರ ಅವರಿಗೆ ತೋರಿಸಿಕೊಂಡು ಬಂದ ಸಂಜೆಯೇ, ಪಕ್ಕದ ಮನೆಯ ಅಂಬಾಬಾಯಿಯ ಮುಂದೆ ಡಾಕ್ಟರೂ ಹಾಜರಾದರು. ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ರುದ್ರವ್ವ ಮೈಸೂರಿನ ಕನ್ನಡ ಶುರುಮಾಡಿದಳು:

"ನೋಡೀಮ್ಮ, ಇದು ಪಿಸಿಓಎಸ್ಸು. ರಕ್ತದಲ್ಲಿ ಸಿಆರ್‌ಪಿ ಜಾಸ್ತಿ ಇದೆ. ಅಂದ್ರೆ ಮೈಯೊಳಗೆ ಕಣ್ಣಿಗೆ ಕಾಣದ ಹಾಗೆ ಉರಿಯೂತ. ವೈರಿ ಇಲ್ದೇ ಇದ್ರೂ ಸೈನಿಕರು ಕತ್ತಿ ಬೀಸ್ತಾ ಇದಾರೆ. ಆ ಗಲಾಟೇಲಿ ಇನ್ಸುಲಿನ್ ಮಾತು ಮೈಗೆ ಕೇಳಿಸ್ತಿಲ್ಲ. ಅದು ಇನ್ನೂ ಜೋರಾಗಿ ಕೂಗುತ್ತೆ. ಕೂಗು ಕೇಳಿ ಅಂಡಾಶಯ ಗಂಡು ಹಾರ್ಮೋನನ್ನ ಹೆಚ್ಚು ಮಾಡುತ್ತೆ, ಮುಟ್ಟು ನಿಲ್ಲುತ್ತೆ. ಸಿಹಿ ಪೂರ್ತಿ ಬಂದ್!"

ಅಂಬಾಬಾಯಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ಒಳಗ ಬಾವು ಅಂದ್ರ ಉಷ್ಣಾನ ಮತ್ತ. ತಂಪ ಮಾಡ್ರಿ ರುದ್ರಕ್ಕ ಹುಡುಗೀಗೆ."

ರುದ್ರವ್ವನಿಗೆ ಅದೂ ಸರಿ ಎನಿಸಿತು. ಮರುದಿನವೇ ಸಕ್ಕರೆ ಡಬ್ಬಿ ತೊಳೆಸಿಕೊಂಡು ಬೋರಲು ಬಿತ್ತು. ತಂಪಿನ ಕಾರ್ಯಕ್ರಮವೂ ಅಂದೇ ಶುರುವಾಯಿತು. ಅವ್ವ ಕೊಟ್ಟ ತಂಪಿನ ನೀರುಗಳನ್ನು ಸ್ನೇಹಲ್ ಮೂಗು ಹಿಡಿದು ಔಷಧದಂತೆ ಕುಡಿದಳು. ಚಹಾ ಸಪ್ಪೆ. ಆಫೀಸಿನಿಂದ ಬಂದು ಕಾತ್ರಜ್ ಕೆರೆಯವರೆಗೆ ನಡಿಗೆ. ಮುಟ್ಟು ಬಂದರೆ ಸಾಕು ಎಂದು ಹುಡುಗಿ ಕ್ಯಾಲೆಂಡರ್ ನೋಡುತ್ತಲೇ ಮೂರು ತಿಂಗಳು ಕಳೆದಳು.

ಈಗ ಅದೇ ಡಾಕ್ಟರ್ ಹೊಸ ರಿಪೋರ್ಟ್ ಹಿಡಿದು ಕೂತಿದ್ದರು. ಮೊದಲು ಕಾಗದವನ್ನು ನೋಡಿದರು, ಆಮೇಲೆ ಸ್ನೇಹಲ್‌ಳನ್ನು, ಮತ್ತೆ ಕಾಗದವನ್ನು.

"ತೂಕ ನಾಲ್ಕು ಕೆಜಿ ಏರಿದೆ. ಸಿಆರ್‌ಪಿ ನಾಲ್ಕಿತ್ತು, ಆರು ದಾಟಿದೆ. ಶುಗರ್ ಗಡಿ ಹತ್ರ ಬಂದು ನಿಂತಿದೆ. ಸ್ನೇಹಲ್, ಏನಿದು?"

ಸ್ನೇಹಲ್ ಮುಂದಕ್ಕೆ ಬಾಗಿ ಕಾಗದದತ್ತ ಕೈ ತೋರಿಸಿದಳು. "ಬ್ಯಾರೇದವರದು ಇರಬೇಕ್ರಿ, ಮೇಡಂ. ಹೆಸರು ನೋಡ್ರಿ."

"ನಿಂದೇ ಕಣಮ್ಮ. ಸಿಹಿ ಬಿಟ್ಟಿಲ್ಲ ನೀನು."

ರುದ್ರವ್ವ ಮಗಳ ಕಡೆ ತಿರುಗಿದಳು. ತಾನು ಇಷ್ಟು ಮಾಡಿ ಹುಡುಗಿ ಹೀಗೆ ಮಾಡುವುದೇ? "ಖರೇ ಹೇಳಿಬಿಡ. ಆಫೀಸಿನಾಗ ಕೇಕ್ ತಿಂತಿ ಹೌದಲ್ಲೊ?"

"ಅವ್ವಾ!" ಸ್ನೇಹಲ್‌ಳ ದನಿ ಒಡೆಯಿತು. "ಮೂರು ತಿಂಗಳಾಗ ಹನ್ನೊಂದು ಬರ್ತ್‌ಡೇ ಆದ್ವು. ಚಪ್ಪಾಳಿ ತಟ್ಟಿ ತಟ್ಟಿ ಕೈ ನೊಂದ್ವು, ಬಾಯಿಗೆ ಒಂದ ಚೂರು ಹತ್ತಲಿಲ್ಲ. ನೀನೂ ನಂಬೂದಿಲ್ಲೇನ?"

"ನಂಬಾಕ ಕಾಗದ ಬಿಡಬೇಕಲ್ಲ!"

ಡಾಕ್ಟರ್ ಕೈಯೆತ್ತಿ ಇಬ್ಬರನ್ನೂ ನಿಲ್ಲಿಸಿದರು. "ಬೆಳಿಗ್ಗೆಯಿಂದ ಬಾಯಿಗೆ ಏನೇನು ಹೋಗುತ್ತೆ, ನೀರು ಸಮೇತ ಹೇಳಿ."

ರುದ್ರವ್ವ ಸೆರಗು ಸರಿಮಾಡಿಕೊಂಡಳು. ಇದಕ್ಕೆಂದೇ ಕಾದಿದ್ದವಳಂತೆ ಹೆಮ್ಮೆಯಿಂದ ಹೇಳತೊಡಗಿದಳು. "ಎದ್ದ ಕೂಡಲೇ ಸಬ್ಜಾ ಬೀಜದ ನೀರು, ಕಲ್ಲುಸಕ್ಕರಿ ಹಾಕಿ. ಮಧ್ಯಾಹ್ನ ಊಟ ಆದ ಮ್ಯಾಲ ಗುಲ್ಕಂದ ಎರಡ ಚಮಚ. ಸಂಜೀಕ ಜೀರಿಗಿ ನೀರು, ಕಲ್ಲುಸಕ್ಕರಿ. ಮಲಗೂ ಮುಂದ ಬಡೇಸೋಪಿನ ನೀರು, ಅದಕ್ಕೂ..."

ಡಾಕ್ಟರರ ಪೆನ್ನು ನಿಂತಿತು. "ಕಲ್ಲುಸಕ್ಕರೆ ಎಷ್ಟು?"

"ಒಂದ ಹಿಡಿರಿ. ಒಂದ ಸಲಕ್ಕ."

"ಅಮ್ಮಾ, ಅದು ಸಿಹಿ ಅಲ್ವಾ?"

"ಸಿಹಿ ಹೆಂಗಾಗ್ತದ್ರಿ? ಔಷಧ ಅಲ್ಲೇನ್ರಿ ಅದು!"

ಹೌದಲ್ಲ. ರುದ್ರವ್ವನ ತಾಯಿಯ ಮನೆಯಲ್ಲಿ, ಅತ್ತೆಯ ಮನೆಯಲ್ಲಿ, ಈಗ ಪುಣೆಯಲ್ಲೂ, ಕಲ್ಲುಸಕ್ಕರೆಯ ವಾಸ ಓಮ, ಇಂಗು, ಬಜೆಯ ಪೆಟ್ಟಿಗೆಯಲ್ಲಿ. ಕೆಮ್ಮಿಗೆ ಅದು, ಕಣ್ಣುರಿಗೆ ಅದು, ಉಷ್ಣಕ್ಕೂ ಅದೇ. ಸಿಹಿಯ ಲೆಕ್ಕಕ್ಕೆ ಅದನ್ನು ಯಾರೂ ತಂದವರಲ್ಲ. ಓದಿದ ಸ್ನೇಹಲ್ ಕೂಡ.

"ಅದು ಸಕ್ಕರೇನೇ," ಡಾಕ್ಟರ್ ಮೆಲ್ಲಗೆ ಹೇಳಿದರು. "ಹರಳುಗಟ್ಟಿ ಕೂತಿದೆ ಅಷ್ಟೆ. ಗುಲ್ಕಂದ್‌ನಲ್ಲೂ ಅರ್ಧ ಸಕ್ಕರೆ. ಮೈ ಉಷ್ಣಕ್ಕೂ ನಾನು ಹೇಳಿದ ಉರಿಯೂತಕ್ಕೂ ಸಂಬಂಧ ಇಲ್ಲಮ್ಮ. ತಂಪು ಕುಡಿದ್ರೆ ಅದು ಆರಲ್ಲ. ಎಲ್ಲಾ ಇದರಿಂದಲೇ ಆಯ್ತು ಅಂತ ನಾನು ಹೇಳಲ್ಲ. ಆದ್ರೆ ಹೊಟ್ಟೆ ಕೊಬ್ಬು ಏರಿದಷ್ಟೂ ಆ ಸೈನಿಕರಿಗೆ ಹುರುಪು. ಈಗ ನಿಲ್ಲಿಸಿದ್ರೆ ಇಳಿಸಬಹುದು."

ರುದ್ರವ್ವನಿಗೆ ಮುಂದಿನ ಮಾತುಗಳು ಕೇಳಿಸಲಿಲ್ಲ. ಹೆಸರಿನಲ್ಲೇ ಸಕ್ಕರೆ ಕೂತಿತ್ತು! ಐವತ್ತೆರಡು ವರ್ಷ ಅದನ್ನು ಕಲ್ಲುಸಕ್ಕರೆ ಎಂದೇ ಕರೆದಿದ್ದಳು, ಒಂದು ದಿನವೂ ಕೇಳಿಸಿಕೊಂಡಿರಲಿಲ್ಲ. ತೊಂಬತ್ತು ದಿನ, ದಿನಕ್ಕೆ ಮೂರು ಹಿಡಿ, ಇದೇ ಕೈಯಿಂದ.

ಪಕ್ಕದಲ್ಲಿ ಸ್ನೇಹಲ್ ಗೋಡೆಯ ಮೇಲಿನ ಗರ್ಭಕೋಶದ ಚಿತ್ರವನ್ನೇ ದಿಟ್ಟಿಸುತ್ತಿದ್ದಳು. ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು.

ನಗಿಸಿ ಪಾರಾಗುವ ಹಳೆಯ ದಾರಿ ರುದ್ರವ್ವನಿಗೆ ಗೊತ್ತಿತ್ತು. ಬಾಯಿ ತೆರೆದಳು. ಕಂಡಕ್ಟರ್ ಬರಲಿಲ್ಲ, ಸೆಕ್ರೆಟರಿ ಬರಲಿಲ್ಲ. ಬಂದದ್ದು ತನ್ನದೇ ದನಿ, ಅದೂ ಒಣಗಿದ್ದು.

"ನನ್ನ ಮಗಳು ಸುಳ್ಳ ಹೇಳಿಲ್ಲರಿ, ಡಾಕ್ಟರ್. ಪಥ್ಯ ಬಿಟ್ಟಿಲ್ಲ ಆಕಿ. ಕೆಡಿಸಿದಾಕಿ ನಾನು. ಇನ್ನೂ ಮುಟ್ಟು ಬರಲಿಲ್ಲಂತ ಸಂಶೇ ಬಂದು, ಹೋದ ವಾರ ಚಾಕಲೇಟಿನ ಕಾಗದ ಸಿಗ್ತಾವೇನಂತ ಆಕಿ ಬ್ಯಾಗೂ ಹುಡುಕೀನಿ."

ಸ್ನೇಹಲ್ ಗಕ್ಕನೆ ತಿರುಗಿದಳು. "ಬ್ಯಾಗ್ ಹುಡುಕಿದ್ದಿ?"

"ಹುಡುಕಿದ್ದೆ. ಏನೂ ಸಿಗಲಿಲ್ಲ. ಆದ್ರೂ ನಂಬಲಿಲ್ಲ."

ಸ್ನೇಹಲ್ ಮೂಗೊರೆಸಿಕೊಂಡು, ಕುರ್ಚಿಯನ್ನು ಅವ್ವನ ಕಡೆಗೆ ಒಂದಿಷ್ಟು ಎಳೆದುಕೊಂಡಳು.

"ಮೊದಲಿಂದು ಇನ್ನೊಮ್ಮೆ ಹೇಳ."

"ಯಾವುದು?"

"ಸುಳ್ಳ ಹೇಳಿಲ್ಲ ಅಂದೆಲ್ಲ, ಅದು."

ರುದ್ರವ್ವ ಇನ್ನೊಮ್ಮೆ ಹೇಳಿದಳು.