ಲಾರಿ ಮೇಲೆ ಬರುವ ಮನೆ

“ಕೈ ಬಿಡಿ. ಸಂತೆಗೆ ದನ ಹೊಡ್ಕೊಂಡು ಬಂದಂಗೆ ಎಳೀಬೇಡಿ ನನ್ನ.”

ಶಾಂತಿರಾಜ ಕೈ ಬಿಟ್ಟ. ಹೆಂಡತಿಯ ಮುಂಗೈ ಹಿಡಿದಿದ್ದೇನೆಂದು ಅವನಿಗೆ ಗೊತ್ತಾದದ್ದೇ ಆಗ.

“ನಾನೆಲ್ಲಿ ಎಳೆದೆ? ಮೆಟ್ಟಿಲು ಎತ್ತರ ಇದೆ ಅಂತ ಹಿಡಿದೆ.”

“ಮನೆ ನೋಡೋಕೆ ಬರ್ತೀನಿ ಅಂದಿದ್ದೆ, ಬಂದಿದೀನಿ. ಹತ್ತೋದನ್ನೂ ನೀವೇ ಹತ್ತಿಸ್ಬೇಕಾ? ನಿಮ್ಮಂಥೋರ್ನ ಕಟ್ಕೊಂಡು...” ತೇಜಸ್ವಿನಿ ಮಾತನ್ನು ಅಲ್ಲಿಗೇ ಕಡಿದಳು. ಮನೆ ತೋರಿಸಲು ನಿಂತಿದ್ದ ಬಸವರಾಜು ಬಾಗಿಲ ಬಳಿ ಫೋನು ನೋಡುವಂತೆ ನಟಿಸುತ್ತಿದ್ದ. ಅವನ ಟೈ ಎದೆಯ ಅರ್ಧಕ್ಕೇ ನಿಂತಿತ್ತು.

ಚನ್ನರಾಯಪಟ್ಟಣ ದಾಟಿದ ಮೇಲೆ ಹಾಸನದ ಹೆದ್ದಾರಿಯ ಪಕ್ಕ, ಜಲ್ಲಿ ಹರಡಿದ ಬಯಲಿನಲ್ಲಿ ಆ ಮನೆ ನಿಂತಿತ್ತು. ನಿಂತಿತ್ತು ಅನ್ನುವುದು ತಪ್ಪು. ಇಟ್ಟಿದ್ದರು. ಕಾರ್ಖಾನೆಯಲ್ಲಿ ತಯಾರಾಗಿ, ಲಾರಿಯ ಮೇಲೆ ಬಂದು, ಕ್ರೇನಿನಿಂದ ಇಳಿದ ಮನೆ. ಹಾಲು, ಕೋಣೆ, ಅಡುಗೆಯ ಜಾಗ, ಬಚ್ಚಲು, ಎಲ್ಲ ಒಳಗೇ ಕೂತು ಬಂದಿದ್ದವು. ಇದು ತೋರಿಕೆಗೆ ಇಟ್ಟ ಮಾದರಿ. ಗಿರಾಕಿ ಒಪ್ಪಿದರೆ ಇಂಥದೇ ಇನ್ನೊಂದನ್ನು ತಂದು ಸಾಲಗಾಮೆಯಲ್ಲಿರುವ ಶಾಂತಿರಾಜನ ಸೈಟಿನಲ್ಲಿ ಒಂದೇ ದಿನಕ್ಕೆ ಇಳಿಸಿ ಹೋಗುತ್ತಾರೆ.

ಒಪ್ಪಬೇಕಾದವಳು ತೇಜಸ್ವಿನಿ. ದೀಪಾವಳಿಗೆಂದು ಅರಕಲಗೂಡಿನ ಅಣ್ಣನ ಮನೆಗೆ ಹೋದವಳು ತಿರುಗಿ ಬಂದಿರಲಿಲ್ಲ. ಕಾರಣ ಹೇಳಿರಲಿಲ್ಲ. ಅಥವಾ ಹೇಳಿದ್ದಳು, ಶಾಂತಿರಾಜ ಅದನ್ನು ಕಾರಣವೆಂದು ಎಣಿಸಿರಲಿಲ್ಲ. ಬಾಡಿಗೆ ಮನೆಯೇ ಕಾರಣ ಎಂದು ತಾನೇ ತೀರ್ಮಾನಿಸಿದ. ಹಾಸನದ ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳುವವನಿಗೆ ಒಂದು ಕಾರಣ ಬೇಕು, ಅದಕ್ಕೊಂದು ಪರಿಹಾರ ಬೇಕು. ಸ್ವಂತ ಮನೆ ತಗೊಳ್ತೀನಿ, ಬಂದು ನೋಡು ಎಂದು ಫೋನು ಮಾಡಿದ. ‘ನೋಡ್ತೀನಿ. ಇರಬೋದು ಅನ್ನಿಸಿದ್ರೆ ಇರ್ತೀನಿ. ಇಲ್ಲಾಂದ್ರೆ ಇನ್ನು ಕರೀಬೇಡಿ’ ಎಂದಿದ್ದಳು. ಅವನು ಕೊನೆಯ ಮಾತನ್ನು ಬಿಟ್ಟು ಉಳಿದದ್ದನ್ನು ನೆನಪಿಟ್ಟುಕೊಂಡಿದ್ದ.

ಒಳಗೆ ತಂಪಿತ್ತು. ಗೋಂದಿನ ವಾಸನೆ ಬಿಟ್ಟರೆ ಬೇರೆ ವಾಸನೆಯಿರಲಿಲ್ಲ.

“ಟೀವಿ ಮುಟ್ಬ್ಯಾಡಿ ಸಾ, ಖಾಲಿ ಡಬ್ಬ, ಬಿದ್ದೋಯ್ತದೆ,” ಎಂದ ಬಸವರಾಜು. “ಶೋಗೆ ಮಡಗಿರೋದು.”

ಗೋಡೆಯ ಮೇಲೊಂದು ಪಟ. ಗಂಡ, ಹೆಂಡತಿ, ಎರಡು ಮಕ್ಕಳು ಹಲ್ಲು ಬಿಟ್ಟು ನಗುತ್ತಿದ್ದರು.

“ಇವರ್ಯಾರು?” ತೇಜಸ್ವಿನಿ ಕೇಳಿದಳು.

“ಯಾರೂ ಅಲ್ಲ ಮೇಡಂ. ಫ್ರೇಮಿನ ಜೊತೆಗೇ ಬಂದವ್ರೆ.”

ಇಂಥ ಮನೆಯನ್ನು ಹೇಗೆ ನೋಡಬೇಕೆಂದು ಶಾಂತಿರಾಜ ಒಂದು ವಾರ ವೀಡಿಯೋಗಳಲ್ಲಿ ಕಲಿತಿದ್ದ. ಬಣ್ಣ ನೋಡಬಾರದು. ಮೂಲೆ ನೋಡಬೇಕು, ಕೀಲು ನೋಡಬೇಕು, ತಳ ನೋಡಬೇಕು. ಮಂಡಿಯೂರಿ ಸಿಂಕಿನ ಕೆಳಗೆ ತಲೆ ಹಾಕಿದ. ಬಾಗಿಲುಗಳನ್ನು ತೆಗೆದು ಹಾಕಿ ಮಾಡಿದ. ಗೋಡೆಗೆ ಕಿವಿಯಿಟ್ಟು ಗೆಣ್ಣಿನಿಂದ ತಟ್ಟಿದ.

“ಒಳಗೆ ಏನು ತುಂಬಿದೀರಿ?”

“ಥರ್ಮಕೋಲ್ ಇದ್ದಂಗೆ ಸಾ, ಅದ್ಕಿಂತ ಒಳ್ಳೇದು.”

“ಅಂದ್ರೆ ಏನು?”

“ಅದ್ಕಿಂತ ಒಳ್ಳೇದು ಸಾ.”

ನೆಲ ಮಟ್ಟವಾಗಿದೆಯೇ ತಿಳಿಯಲು ಗೋಲಿ ಬಿಡಬೇಕು. ಗೋಲಿ ಇರಲಿಲ್ಲ. ‘ಈಗ್ಯಾರು ಸಾ ಗೋಲಿ ಆಡ್ತಾರೆ’ ಎಂದ ಬಸವರಾಜು, ಫೋನು ಬಂತೆಂದು ಆಚೆ ಹೋದ. ಶಾಂತಿರಾಜನ ಕಣ್ಣು ಹೆಂಡತಿಯ ಕೈಯಲ್ಲಿದ್ದ ನಿಂಬೆಹಣ್ಣಿನ ಮೇಲೆ ಬಿತ್ತು. ಬಸ್ಸಿನಲ್ಲಿ ಅವಳಿಗೆ ವಾಕರಿಕೆ. ಅರಕಲಗೂಡಿನಿಂದ ಹೊಳೆನರಸೀಪುರದ ಮೇಲೆ ಚನ್ನರಾಯಪಟ್ಟಣದವರೆಗೂ ಅದನ್ನು ಉಗುರಿನಿಂದ ಗೀರಿ ಗೀರಿ ಮೂಸುತ್ತ ಬಂದಿದ್ದಳು. ಸ್ಟ್ಯಾಂಡಿನಲ್ಲಿ ಅವನ ಕಾರು ಹತ್ತಿದ ಮೇಲೂ ಅದು ಕೈಯಲ್ಲೇ ಇತ್ತು.

“ಅದನ್ನ ಕೊಡು ಸ್ವಲ್ಪ.”

“ಯಾಕೆ?”

ಅಷ್ಟರಲ್ಲಿ ತೆಗೆದುಕೊಂಡಾಗಿತ್ತು. ಹಾಲಿನ ನಡುವೆ ನೆಲದ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಹಣ್ಣು ಅಲ್ಲಾಡಲಿಲ್ಲ. ನೋಡಿದೆಯಾ ಎನ್ನುವಂತೆ ಹೆಂಡತಿಯ ಕಡೆ ತಿರುಗಿದ. ಅವಳು ಅವನನ್ನು ನೋಡದೆ ನೆಲ ನೋಡುತ್ತಿದ್ದಳು. ಹಣ್ಣು ಹೊರಟಿತ್ತು. ಅವಸರವಿಲ್ಲದೆ, ದಾರಿ ಗೊತ್ತಿರುವವರಂತೆ ಉರುಳಿ, ಹೊಸ್ತಿಲಿಲ್ಲದ ಬಾಗಿಲು ದಾಟಿ, ಮಲಗುವ ಕೋಣೆಯ ನಟ್ಟನಡುವೆ ನಿಂತಿತು.

“ಹಣ್ಣು ಪೂರ್ತಿ ಗುಂಡಗಿಲ್ಲ,” ಎಂದ ಶಾಂತಿರಾಜ. “ಅದರದೇ ತಪ್ಪು.”

ಬಸವರಾಜು ಫೋನು ಮುಗಿಸಿ ಬಂದವನು ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟ. ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟುಕೊಂಡ.

“ಇದ್ಯಾರು ಮಡಗಿದ್ದು?”

“ನೆಲ ಪರೀಕ್ಷೆ ಮಾಡ್ತಿದ್ದೆ.”

“ನಿಂಬೆಹಣ್ಣು ಬುಟ್ಟು ಮಾಡೋ ಪರೀಕ್ಷೆ ಯಾವ್ದು ಅಂತ ನಮ್ಗೂ ಗೊತ್ತು ಸಾ.”

“ಮಾಟ ಅಲ್ಲ ಕಣಯ್ಯ. ಇಳಿಜಾರು ನೋಡೋಕೆ.”

“ನಮ್ಮೂರು ಹಳೇಕೋಟೆ ಸಾ. ನಮ್ ದೊಡ್ಡವ್ವ ಬೆಟ್ಟಮ್ಮ ಇಂಥದೊಂದು ದಾಟ್ಬುಟ್ಟು ಮನೇಗ್ ಬಂದೋಳು ಸಾಯೋಗಂಟ ತುಟಿ ಬಿಚ್ಚಲಿಲ್ಲ. ಗಂಡ ಮುಂದೆ ಕುಂತು ಕೇಳಿ ಕೇಳಿ ಸೋತೋದ.”

“ಬಸ್ಸಲ್ಲಿ ವಾಕರಿಕೆಗೆ ಇಟ್ಕೊಂಡಿದ್ದು ಅದು. ಹೇಳು ಇವನಿಗೆ,” ಎಂದು ಶಾಂತಿರಾಜ ಹೆಂಡತಿಗೆ ಹೇಳಿದ.

ತೇಜಸ್ವಿನಿಯ ಮುಖದಲ್ಲಿ ಅವತ್ತು ಮೊದಲ ಸಲ ನಗುವಿನಂಥದ್ದೇನೋ ಕಂಡಿತು. “ನಾನ್ಯಾಕೆ ಹೇಳ್ಲಿ? ಇಟ್ಟಿದ್ದು ನೀವು.”

“ಮಡಗಿದೋರೇ ತೆಗೀಬೇಕು ಸಾ.”

ಮೂರ್ಖತನ ಎಂದುಕೊಂಡು ಶಾಂತಿರಾಜ ಬಗ್ಗಿದ. ಹಣ್ಣಿಗೂ ಕೈಗೂ ಗೇಣು ದೂರ ಉಳಿಯಿತು. ಮುಂದಕ್ಕೆ ಕೈ ಹೋಗಲಿಲ್ಲ. ಹಳದಿ ಸಿಪ್ಪೆಯ ಮೇಲೆ ಹೆಂಡತಿಯ ಉಗುರಿನ ಗೀರುಗಳು ಅಕ್ಷರಗಳ ಹಾಗೆ ಒತ್ತೊತ್ತಾಗಿದ್ದವು. ತನಗೆ ಓದಲು ಬರದ ಯಾವುದೋ ಭಾಷೆ. ತೇಜಸ್ವಿನಿ ಬಂದು, ಸಲೀಸಾಗಿ ಹಣ್ಣು ಎತ್ತಿ, ಮೂಸಿ, ಚೀಲಕ್ಕೆ ಹಾಕಿಕೊಂಡಳು.

“ಹೆದರ್ಕೊಂಡ್ರಾ?”

“ಸೊಂಟ ಹಿಡ್ಕೊಂಡಿತು.”

ಬಸವರಾಜು ಆಗಲೇ ಅಂಗಳದಲ್ಲಿದ್ದ. “ಏನಿದ್ರೂ ಆಚೆಯಿಂದ್ಲೇ ಯೋಳ್ತೀನಿ ಸಾ. ನೀವು ನಿಧಾನಕ್ ನೋಡಿ.”

ಕೋಣೆಯಲ್ಲಿ ಇಬ್ಬರೇ ಉಳಿದರು. ತೇಜಸ್ವಿನಿ ಮಂಚದ ಅಂಚಿಗೆ ಕೂತಳು. ಹಾಸಿಗೆ ಕುಗ್ಗಲಿಲ್ಲ.

“ಹೇಗಿದೆ?” ಎಂದ.

“ಚೆನ್ನಾಗಿದೆ.”

“ಇರಬೋದಾ?”

“ಒಂದು ಕೇಳ್ತೀನಿ. ಅಣ್ಣನ ಮನೆಗೆ ಹೋಗೋ ಹಿಂದಿನ ದಿನ ನಿಮಗೊಂದು ಮಾತು ಹೇಳಿದೆ. ಏನು ಹೇಳಿದೆ?”

ಶಾಂತಿರಾಜ ನೆನಪು ಮಾಡಿಕೊಂಡ. ಅಡುಗೆಮನೆಯ ಕೊಳಾಯಿ ಸುರಿಯುತ್ತಿತ್ತು. ಅವಳು ಈ ಕಡೆ ತಿರುಗಿದ್ದಳು. ತುಟಿ ಆಡಿದ್ದವು. ಅವನು ‘ಹೂಂ’ ಎಂದಿದ್ದ. ಹೂಂ ಎಂದದ್ದು ಚೆನ್ನಾಗಿ ನೆನಪಿತ್ತು.

“ಈಗ್ಯಾಕೆ ಅದು?”

“ಏನು ಹೇಳಿದೆ?”

“ಬಾಡಿಗೆ ಮನೆ ಸಾಕಾಯ್ತು ಅಂದೆ.”

“ಅಲ್ಲ.”

“ಮತ್ತೇನು, ಈಗ ಹೇಳು.”

ಅವಳು ಎದ್ದಳು. “ಹೊತ್ತು ಇಳೀತಾ ಇದೆ. ಮುಳುಗೋದರೊಳಗೆ ನಂಗೆ ಊಟ ಆಗ್ಬೇಕು.” ಇಬ್ಬರದೂ ಜೈನ ಮನೆತನ, ಕತ್ತಲಾದ ಮೇಲೆ ಉಣ್ಣುವ ರೂಢಿಯಿಲ್ಲ. ಅವನು ಮಾತ್ರ ಹಾಸ್ಟೆಲಿನ ಕಾಲದಲ್ಲೇ ಅದನ್ನು ಬಿಟ್ಟಿದ್ದ.

“ಇನ್ನೊಂದೇ ಪರೀಕ್ಷೆ,” ಎಂದ. “ಗೋಡೆಯಲ್ಲಿ ಸದ್ದು ಬರುತ್ತಾ ನೋಡ್ಬೇಕು. ನಾನು ಬಾಗಿಲು ಹಾಕ್ಕೊಂಡು ಇಲ್ಲಿರ್ತೀನಿ. ನೀನು ಆಚೆ ಗೋಡೆ ಹತ್ರ ನಿಂತು ಏನಾದ್ರೂ ಹೇಳು.”

“ಏನು ಹೇಳ್ಲಿ?”

“ಅವತ್ತು ಹೇಳಿದ್ದನ್ನೇ ಹೇಳು.” ಜಾಣ ಮಾತು ಎಂದು ಅವನಿಗೇ ಖುಷಿಯಾಯಿತು.

ಅವಳು ಅವನನ್ನು ಬಹಳ ಹೊತ್ತು ನೋಡಿದಳು. ಅಂಗಡಿಯಲ್ಲಿ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ ಮಡಿಚಿಡುವ ಹಾಗೆ.

“ಗಟ್ಟಿಯಾಗಿ ಹೇಳ್ಲಾ, ಮೆಲ್ಲಗೆ ಹೇಳ್ಲಾ?”

“ಮಾಮೂಲಾಗಿ ಮಾತಾಡೋ ಹಾಗೆ.”

“ಆಗ್ಲಿ,” ಎಂದು ಹೊರಟಳು.

ಮುಂಬಾಗಿಲು ಹಾಕಿದ. ಅಂಚಿನ ರಬ್ಬರು ಗಾಳಿಯನ್ನು ಹೀರಿಕೊಂಡಿತು. ಹೆದ್ದಾರಿಯ ಸದ್ದು ಕತ್ತರಿಸಿದಂತೆ ನಿಂತಿತು. ಕೋಣೆಗೆ ಬಂದು ಗೋಡೆಗೆ ಕಿವಿ ಒತ್ತಿದ. ಏನೂ ಇಲ್ಲ. ಒಂದು ಲಾರಿ ಇಲ್ಲ, ಒಂದು ಕಾಗೆ ಇಲ್ಲ. ಇನ್ನೂ ಒತ್ತಿದ. ಏನೂ ಇಲ್ಲ. ಅವನಿಗೆ ನಿಜಕ್ಕೂ ಸಂತೋಷವಾಯಿತು. ಗೋಡೆ ಒಳ್ಳೆಯದು.

ಆಮೇಲೆ ಇನ್ನೊಂದು ಯೋಚನೆ ಬಂತು. ಗೋಡೆ ಒಳ್ಳೆಯದಾದರೆ ಮಾತು ಕೇಳಿಸುವುದಿಲ್ಲ. ಮಾತೇ ಆಡದಿದ್ದರೂ ಕೇಳಿಸುವುದಿಲ್ಲ. ಕೇಳಿಸಲಿಲ್ಲವೆಂದು ಗೋಡೆ ಒಳ್ಳೆಯದು ಅನ್ನುವುದು ಹೇಗೆ? ತರಗತಿಯಲ್ಲಿ ಇದನ್ನು ದೋಷ ಎಂದು ಹಲಗೆಯ ಮೇಲೆ ಬರೆಯುತ್ತಿದ್ದ. ಅವಳಿಗೆ ಇನ್ನಷ್ಟು ಸಮಯ ಕೊಟ್ಟ. ತನ್ನ ಕಿವಿಯೊಳಗಿನ ರಕ್ತದ ಸದ್ದು ಮಾತ್ರ ಬರುತ್ತಿತ್ತು.

ಹಾಲಿನ ಕಿಟಕಿಗೆ ಬಂದ. ತೆರೆಯಲಾಗದ ಗಾಜು. ಹೆದ್ದಾರಿಯ ಆಚೆ ಬದಿಗೆ ಬಸ್ಸೊಂದು ನಿಂತಿತ್ತು. ಸದ್ದಿಲ್ಲದೆ ಹೊರಟಿತು. ಅದು ಮರೆಮಾಡಿದ್ದ ರಸ್ತೆಯಂಚು ಖಾಲಿಯಿತ್ತು. ಕೆಳಗೆ ಮೆಟ್ಟಿಲ ಮೇಲೆ ಅವನ ಬೂಟು ಮಾತ್ರ ಇತ್ತು, ಅವಳ ಚಪ್ಪಲಿ ಇರಲಿಲ್ಲ. ಗೋಡೆಯ ಹತ್ತಿರ ನಿಲ್ಲಲು ಹಾಕಿಕೊಂಡಿದ್ದಾಳೆ, ಜಲ್ಲಿ ಚುಚ್ಚುತ್ತದಲ್ಲ.

“ತೇಜೂ,” ಎಂದು ಕರೆದ. ಇನ್ನೂ ಜೋರಾಗಿ ಕರೆದ. ಅಂಗಳದಲ್ಲಿ ಬಸವರಾಜು ಹೊಸ ಗಿರಾಕಿಗಳಿಗೆ ಮನೆಯ ಕಡೆ ಕೈ ತೋರಿಸುತ್ತಿದ್ದ, ತಿರುಗಲಿಲ್ಲ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಹಿಡಿ ತಿರುಗಿಸಿದರೆ ಸಾಕು. ತೆರೆದರೆ ಪರೀಕ್ಷೆ ಕೆಡುತ್ತದೆ ಎಂದುಕೊಂಡು ಅಲ್ಲೇ ನಿಂತ.

ಗಿರಾಕಿ ಕಿಟಕಿಯ ಹತ್ತಿರಕ್ಕೇ ಬಂದ. ಶಾಂತಿರಾಜನದೇ ವಯಸ್ಸಿನವನು. ಪಕ್ಕದ ಗೋಡೆಯನ್ನು ಗೆಣ್ಣಿನಿಂದ ತಟ್ಟಿ, ಹಿಂದೆ ನಿಂತ ಹೆಂಡತಿಗೆ ಏನೋ ಹೇಳಿದ. ಒಳಗೆ ತಟ್ಟಿದ್ದೂ ಬರಲಿಲ್ಲ, ಹೇಳಿದ್ದೂ ಬರಲಿಲ್ಲ. ಶಾಂತಿರಾಜ ಕೈಯೆತ್ತಿದ, ನಕ್ಕ. ಅವನು ನೇರ ಶಾಂತಿರಾಜನ ಮುಖವನ್ನೇ ನೋಡುತ್ತಿದ್ದ, ಆದರೆ ಮುಖದ ಮೇಲೆ ಯಾವ ಗುರುತೂ ಮೂಡಲಿಲ್ಲ. ಆಚೆಯಿಂದ ಆ ಗಾಜು ಕನ್ನಡಿ. ಅವನು ಹಲ್ಲು ಕಿರಿದು ನೋಡಿಕೊಂಡ, ಜೇಬಿನಿಂದ ಬಾಚಣಿಗೆ ತೆಗೆದ, ಶಾಂತಿರಾಜನ ಕಣ್ಣಲ್ಲಿ ಕಣ್ಣಿಟ್ಟು ಬೈತಲೆ ಸರಿಮಾಡಿಕೊಳ್ಳತೊಡಗಿದ.

ಒಳಗೆ ಶಾಂತಿರಾಜನ ಕೈ, ಅವನಿಗೆ ತಿಳಿಯದೆಯೇ, ನಿಧಾನಕ್ಕೆ ಮೇಲೆದ್ದು ತನ್ನ ತಲೆಯನ್ನು ಬಾಚತೊಡಗಿತು.