ಅರಗು ಕರಗುವುದು ಹೇಗೆ

ಚನ್ನಪಟ್ಟಣದ ಆ ಸರ್ಕಾರಿ ಶಾಲೆಯ ಗೇಟನ್ನು ಮಜೀದಾ ಎಷ್ಟೋ ಸಲ ದಾಟಿದ್ದಳು, ಜಗಳಕ್ಕೆಂದು ದಾಟಿದ್ದು ಅವತ್ತೇ ಮೊದಲು. ಬುರ್ಖಾದ ತೋಳಿಗೆ ಮರದ ಹೊಟ್ಟು ಹಾಗೇ ಅಂಟಿಕೊಂಡಿತ್ತು. ಕೊಡವಿಕೊಳ್ಳುವ ವ್ಯವಧಾನ ಯಾರಿಗಿತ್ತು? ಇಪ್ಪತ್ತೆರಡು ವರ್ಷ ಮರ ತಿರುಗಿಸುವ ಲೇತ್ ಮುಂದೆ ಕೂತು ಬುಗುರಿ, ಗಿಲಕಿ ಮಾಡಿದವಳು ಅವಳು. ಅಂಥವಳ ಮಗಳಿಗೆ, ಮರಕ್ಕೆ ಅರಗಿನ ಬಣ್ಣ ಹೇಗೆ ಹತ್ತುತ್ತದೆ ಎಂಬ ಪ್ರಶ್ನೆಗೆ ಸೊನ್ನೆ ಹಾಕಿದ್ದರು. ರಾತ್ರಿಯೆಲ್ಲ ನಿದ್ದೆ ಹತ್ತಿರ ಸುಳಿದಿರಲಿಲ್ಲ.

ಬೆಂಗಳೂರಿನ ಒಂದು ಸಂಸ್ಥೆ ನಿತ್ಯದ ವಿಜ್ಞಾನವನ್ನು ಕಲಿಸುತ್ತೇವೆಂದು ಆನ್‌ಲೈನ್‌ನಲ್ಲಿ ಪ್ರದರ್ಶನವೊಂದನ್ನು ಮಾಡಿಟ್ಟಿತ್ತು. ಪರದೆಯ ಮೇಲೆ ಬೆರಳಾಡಿಸಿದರೆ ಲೋಲಕ ತೂಗುತ್ತದೆ, ನೀರು ಕುದಿಯುತ್ತದೆ, ಬಲೂನು ಉಬ್ಬುತ್ತದೆ. ಒಟ್ಟು ಹತ್ತು ಆಟ. ಹತ್ತೂ ಸರಿಯಾದವರಿಗೆ ಬೆಂಗಳೂರಲ್ಲಿ ಒಂದು ವಾರ ವಿಜ್ಞಾನ ಶಿಬಿರ. ಎಂಟನೇ ಕ್ಲಾಸಿನ ಮಗಳು ಜಾರಾ ಆ ಶಿಬಿರದ ಆಸೆಗೆ ಬಿದ್ದು ಮೂರು ತಿಂಗಳು ಮನೆಯನ್ನು ರಣರಂಪ ಮಾಡಿದ್ದಳು. ಉಪ್ಪಿನಕಾಯಿಗೆ ತಂದ ನಿಂಬೆಹಣ್ಣುಗಳಿಗೆಲ್ಲ ಮೊಳೆ, ತಾಮ್ರದ ತಂತಿ ಚುಚ್ಚಿ ಕಡಲೆಕಾಳಿನಷ್ಟು ಬಲ್ಬು ಹೊತ್ತಿಸಿದ್ದಳು. ಮಜೀದಾ ಬಾಯಿಗೆ ಬಂದಂತೆ ಬೈದಳು, ಮಾರನೇ ದಿನ ಮತ್ತಷ್ಟು ನಿಂಬೆಹಣ್ಣು ತಂದುಕೊಟ್ಟಳು.

ಒಂಬತ್ತು ಆಟ ಸರಿಯಾದವು. ಹತ್ತನೆಯದು ಅರಗಿನ ಆಟ. ಪರದೆಯಲ್ಲಿ ಒಂದು ಬುಗುರಿ, ಪಕ್ಕದಲ್ಲಿ ಕೆಂಪು ಅರಗಿನ ಕಡ್ಡಿ, ಕೆಳಗೆ ಎರಡು ಗುಂಡಿ. ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುವುದು ಒಂದು, ಬೆಂಕಿಗೆ ಹಿಡಿಯುವುದು ಇನ್ನೊಂದು. ಜಾರಾ ಯೋಚನೆ ಕೂಡ ಮಾಡದೆ ಮೊದಲನೆಯದನ್ನು ಒತ್ತಿದಳು. ಪರದೆ ಕೆಂಪಾಗಿ, ತಪ್ಪು ಎಂದಿತು.

ವಿಜ್ಞಾನದ ಸೌಮ್ಯ ಟೀಚರ್ ವರಾಂಡದಲ್ಲೇ ಸಿಕ್ಕಿದಳು.

“ಮೇಡಂ, ನನ್ ಮಗಳಿಗೆ ತಪ್ಪು ಅಂದೋರು ಯಾರು?”

“ನಾನಲ್ಲ ಕಣಮ್ಮ, ಆ ಸಿಸ್ಟಮ್ಮು. ನಂಗೂ ಅನುಮಾನ ಐತೆ. ಆದ್ರೆ ನಾನೇನ್ ಮಾಡಾಕಾಯ್ತದೆ? ಇವತ್ತು ಸಂಸ್ಥೆಯೋರೇ ಬಂದವ್ರೆ, ಒಳಗವ್ರೆ, ಅವರನ್ನೇ ಕೇಳಿ.”

ಸೌಮ್ಯ ಟೀಚರ್ ಕೆಟ್ಟವಳಲ್ಲ, ಹೆದರುಪುಕ್ಕಲಿ ಅಷ್ಟೇ. ಮಜೀದಾಳಿಗೆ ಅವಳ ಮೇಲೂ ಸಿಟ್ಟು ಬಂತು.

ಒಳಗೆ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು, ಟ್ಯಾಬ್ ಮುಂದಿಟ್ಟುಕೊಂಡು ಮನೋಹರ್ ಎಂಬವನು ಕೂತಿದ್ದ. ಸಂಸ್ಥೆಯ ಕಡೆಯವನು. ಹಿಂದೆಯೇ ಬಂದ ಸೌಮ್ಯ ಟೀಚರ್, ಇವರು ಜಾರಾಳ ತಾಯಿ ಮಜೀದಾ ಎಂದಳು. ಮಜೀದಾ ನಮಸ್ಕಾರ ಕೂಡ ಹೇಳಲಿಲ್ಲ.

“ಸಾರ್, ಎರಡು ಅಂಗೈ ಜೋರಾಗಿ ತಿಕ್ಕಿ.”

“ಏನಮ್ಮಾ?”

“ತಿಕ್ಕಿ ಸಾರ್.”

ಅವನು ತಿಕ್ಕಿದ. “ಬಿಸಿ ಬಂತಾ?” ಎಂದಳು. ಬಂತು ಎಂದ.

“ಆ ಬಿಸಿಗೇ ಅರಗು ಕರಗೋದು. ಕಡ್ಡಿ ಮಾಡುವಾಗ ಕೆಂಡ ಬೇಕು, ನಿಜ. ಬಣ್ಣ ಹಾಕುವಾಗ ಬೆಂಕಿ ಯಾರು ಹಚ್ತಾರೆ? ಮರ ತಿರುಗ್ತಾ ಇರ್ತದೆ, ಕಡ್ಡಿ ಒತ್ತಿದ್ರೆ ತಾನೇ ಕರಗಿ ಹತ್ಕೊಳ್ತದೆ, ಆಮೇಲೆ ತಾಳೆಗರಿ ಹಿಡಿದ್ರೆ ಮಿಂಚ್ತದೆ. ನಮ್ ಬೀದಿ ಮಕ್ಳೂ ಹೇಳ್ತಾವೆ. ನಿಮ್ಗೆ ಯಾರು ಹೇಳಿದ್ದು ಬೆಂಕಿ ಅಂತ?”

ಮನೋಹರ್ ಟ್ಯಾಬನ್ನು ಅವಳ ಕಡೆ ತಿರುಗಿಸಿದ. “ನೀವೇ ಹೇಳಿದ್ದು. ಇದು ನಿಮ್ಮದೇ ವಿಡಿಯೋ ಅಲ್ವಾ? ಇದನ್ನ ನೋಡೇ ಈ ಆಟ ಮಾಡಿದ್ದು, ಕೆಳಗೆ ನಿಮ್ಮ ಹೆಸರೂ ಇದೆ.”

ಮುಖ ಕಾಣುತ್ತಿರಲಿಲ್ಲ, ಕೈಗಳಷ್ಟೇ. ಆದರೆ ತನ್ನ ಕೈ ತನಗೆ ಗೊತ್ತಾಗುವುದಿಲ್ಲವೇ? ಗ್ಯಾಸ್ ಒಲೆಯ ಉರಿಗೆ ಅರಗಿನ ಕಡ್ಡಿ ಹಿಡಿದು, ನಿಂತ ಬುಗುರಿಗೆ ಬಣ್ಣ ಬಳಿಯುತ್ತಿದ್ದಳು ಅವಳು.

ಹೋದ ವರ್ಷ ಈ ಸಂಸ್ಥೆಯ ಕ್ಯಾಮೆರಾದವರು ಮನೆಗೆ ಬಂದಿದ್ದರು. ಅವರು ಬಂದು ಕೂತ ಕೂಡಲೇ ಕರೆಂಟು ಹೋಗಿ ಲೇತ್ ನಿಂತಿತು. ಟೀ ಕುಡಿದು ಮುಗಿದರೂ ಕರೆಂಟು ಬರಲಿಲ್ಲ. ವಾಪಸ್ ಹೋಗಬೇಕು ಆಂಟಿ, ಏನಾದರೂ ಮಾಡಿ ತೋರಿಸಿ ಎಂದು ಕ್ಯಾಮೆರಾ ಹಿಡಿದ ಹುಡುಗಿ ದುಂಬಾಲು ಬಿದ್ದಳು. ಮನೆಗೆ ಬಂದವರನ್ನು ಬರಿಗೈಲಿ ಕಳಿಸುವುದೆಂತು ಎಂದು ಮಜೀದಾ ಒಲೆ ಹಚ್ಚಿದ್ದಳು. ಪಕ್ಕದಲ್ಲಿ ನಿಂತ ಜಾರಾ, “ಅಮ್ಮಿ, ಹಂಗಲ್ವಲ್ಲ,” ಎಂದಿದ್ದಳು. ಸುಮ್ಮನಿರು ಎಂದು ಮಜೀದಾಳೇ ಗದರಿಸಿದ್ದಳು.

“ಕರೆಂಟಿಲ್ಲ, ಅದಕ್ಕೆ ಹಿಂಗೆ ತೋರಿಸ್ತಿದೀನಿ ಅಂತ ಬಾಯ್ಬಿಟ್ಟು ಹೇಳಿದ್ನಲ್ಲ ಸಾರ್!”

“ಆ ಮಾತು ಎಡಿಟಿಂಗ್‌ನಲ್ಲಿ ಹೋಗಿರ್ಬೇಕು.”

ಹೋಗಿರಬೇಕಂತೆ! ಇನ್ನೊಂದು ದಿನ ಬಂದು ಲೇತ್ ತಿರುಗುವುದನ್ನು ನೋಡಲು ಇವರಿಗೇನು ದಾಡಿ ಬಂದಿತ್ತು? ಟ್ಯಾಬ್ ಎತ್ತಿ ಗೋಡೆಗೆ ಬಡಿಯಬೇಕೆನಿಸಿತು. ಮನೋಹರನಿಗೂ ಅವಳ ಮುಖ ನೋಡಿ ಅದು ಗೊತ್ತಾಗಿರಬೇಕು, ದನಿ ತಗ್ಗಿಸಿದ.

“ನೋಡಿ, ತಿದ್ದೋದನ್ನ ಮುಂದಿನ ವರ್ಷ ನೋಡೋಣ. ಈಗ ನಿಮ್ಮ ಹುಡುಗೀಗೆ ಇನ್ನೊಂದು ಚಾನ್ಸ್ ಕೊಡ್ತೀನಿ. ಬೆಂಕಿ ಅಂತ ಒತ್ಲಿ. ಹತ್ತಕ್ಕೆ ಹತ್ತು ಬರುತ್ತೆ, ಶಿಬಿರಕ್ಕೂ ಬರ್ತಾಳೆ.”

ಸೌಮ್ಯ ಟೀಚರ್ ಓಡಿಹೋಗಿ ಜಾರಾಳನ್ನು ಕರೆತಂದಳು. ವಿಷಯ ತಿಳಿದ ಜಾರಾ ಟ್ಯಾಬ್ ಮುಂದೆ ಕೂತು ಅಮ್ಮನ ಮುಖ ನೋಡಿದಳು. ಅಮ್ಮ ಜಗಳ ಗೆದ್ದೇ ಬರುತ್ತಾಳೆ ಎಂದು ಬೆಳಿಗ್ಗೆ ಗೆಳತಿಯರಿಗೆಲ್ಲ ಹೇಳಿದ್ದಳು.

ಮಜೀದಾ ಬಗ್ಗಿ, ಮೆಲ್ಲಗೆ, “ಒತ್ಬಿಡು ಬೇಟಾ,” ಎಂದಳು.

“ತಪ್ಪಲ್ವಾ ಅಮ್ಮಿ?”

“ತಪ್ಪೇ. ಒತ್ತು. ಶಿಬಿರಕ್ಕೆ ಹೋಗ್ಬೇಕಾ ಬೇಡ್ವಾ?”

ಜಾರಾಳ ಮೂಗಿನ ತುದಿ ಕೆಂಪಾಯಿತು. ತುಟಿ ಕಚ್ಚಿ, ಅವಳು ತಿರುಗುವ ಮರದ ಗುಂಡಿಯನ್ನೇ ಒತ್ತಿದಳು. ಪರದೆ ತಪ್ಪು ಎಂದಿತು. ಮತ್ತೆ ಅದನ್ನೇ ಒತ್ತಿದಳು. ತಪ್ಪು. ಬೆರಳು ಬೆಳ್ಳಗಾಗುವಷ್ಟು ಜೋರಾಗಿ ಮತ್ತೊಮ್ಮೆ ಒತ್ತಿದಳು. ಮನೋಹರ್ ಟ್ಯಾಬ್ ಕಿತ್ತುಕೊಂಡು, “ಆಯ್ತಮ್ಮ, ನಿನ್ನಿಷ್ಟ. ಇನ್ನು ಚಾನ್ಸ್ ಇಲ್ಲ,” ಎಂದ.

ಕೋಪ ನೆತ್ತಿಗೇರಿ ಮಜೀದಾ ಹೊಡೆಯಲು ಕೈ ಎತ್ತಿದಳು. ಜಾರಾ ಕದಲಲಿಲ್ಲ, ಕೆನ್ನೆಯನ್ನೂ ಮುಚ್ಚಿಕೊಳ್ಳಲಿಲ್ಲ.

“ಹೊಡಿ. ಅವತ್ತು ಅವ್ರು ಕೇಳಿದ್ರು ಅಂತ ನೀನು ಸುಳ್ಳು ಮಾಡಿ ತೋರಿಸ್ದೆ. ಇವತ್ತು ನನ್ ಕೈಲೂ ಮಾಡಿಸ್ತಿದೀಯ. ಅವ್ರಿಗಿಂತ ನಿನ್ ಮೇಲೇ ನಂಗೆ ಸಿಟ್ಟು ಜಾಸ್ತಿ.”

ಎತ್ತಿದ ಕೈ ಇಳಿಯಿತು. ಜಾರಾ ಬ್ಯಾಗನ್ನು ಹೆಗಲಿಗೇರಿಸಿ, ಬೆಲ್ ಹೊಡೆಯುವ ಮೊದಲೇ ಗೇಟು ದಾಟಿ ಬೀದಿಗಿಳಿದಳು. ಮಜೀದಾ ಹತ್ತು ಹೆಜ್ಜೆ ಹಿಂದೆ ನಡೆದಳು. ಮನೆ ಮುಟ್ಟುವವರೆಗೂ ಮಗಳನ್ನು ಹೆಸರು ಹಿಡಿದು ಕರೆಯುವ ಧೈರ್ಯ ಅವಳಿಗೆ ಬರಲಿಲ್ಲ.