ಸೌನಾಕ್ಕೆ ಕರೆಯದ ಅತಿಥಿಗಳು

ಟಾಂಪೆರೆ ಊರಿನ ನಮ್ಮ ಹಿತ್ತಲ ಗಾಜಿನ ಮನೆಯಲ್ಲಿ ಸೌತೆ ಗಿಡಗಳ ಬೇರು ಪ್ರತಿವರ್ಷ ಬೂಷ್ಟು ಹಿಡಿದು ಕೊಳೆಯುತ್ತಿತ್ತು. ಈ ಸಲ ನಾನು ಹಟ ಹಿಡಿದು, ಬೂಷ್ಟನ್ನು ಹತ್ತಿರ ಸೇರಿಸದ ಮಣ್ಣಿನ ಬ್ಯಾಕ್ಟೀರಿಯಾಗಳ ಪುಡಿ ತರಿಸಿದೆ. "ಒಳಗೆ ಜೀವ ಇರೋವು ಇವೆ. ನೀರಲ್ಲಿ ಕಲಸಿ ಬುಡಕ್ಕೆ ಹಾಕು" ಎಂದು ಗಂಡ ರೈಮೋನ ಕೈಗೆ ಒಂದು ಪೊಟ್ಟಣ ಕೊಟ್ಟೆ.

ಅವತ್ತು ಶನಿವಾರ, ಹಬೆಸ್ನಾನಕ್ಕೆ ಸೌನಾ ಕಾದಿತ್ತು. ಆ ಮಹಾರಾಯ ಅಲ್ಲಿನ ಹಂಡೆಯಿಂದ ಕುದಿಯುವ ನೀರು ಮೊಗೆದು ಪುಡಿ ಕಲಸುತ್ತಿದ್ದ.

"ಅಯ್ಯೋ, ಏನು ಮಾಡ್ತಿದ್ದೀಯಾ?"

"ದೂರದಿಂದ ಬಂದಿದಾವೆ. ನಮ್ಮನೆಗೆ ಬಂದೋರಿಗೆ ಮೊದಲು ಸೌನಾ ತಾನೇ, ಹಿಲ್ಕಾ?"

"ಎಲ್ಲಾ ಬೆಂದು ಸಾರಾದವಲ್ಲೋ!"

ಬೈದು ಬೈದು ಕೊನೆಗೆ ನನಗೇ ನಗು ಬಂತು. ಎರಡನೇ ಪೊಟ್ಟಣವನ್ನು ಪೀಪಾಯಿಯ ಮಳೆನೀರಲ್ಲಿ ನಾನೇ ಕಲಸಿ ಹಾಕಿದೆ. ಜುಲೈ ಹೊತ್ತಿಗೆ ಬಳ್ಳಿಗಳು ಗಾಜಿನ ಚಾವಣಿ ಮುಟ್ಟಿದವು, ಒಂದು ಗಿಡವೂ ಸಾಯಲಿಲ್ಲ.

ಒಂದು ಶನಿವಾರ ರೈಮೋ ಸೌನಾದಿಂದ ಕೆಂಪಗೆ ಹೊರಬಂದವನು ಗಿಡದ ಬುಡ ನೋಡುತ್ತ ನಿಟ್ಟುಸಿರಿಟ್ಟ. "ಪಾಪ, ಇಷ್ಟು ದುಡಿದಿದಾವೆ. ಒಂದು ಸಲನೂ ಸೌನಾಕ್ಕೆ ಕರೀಲಿಲ್ಲ. ಕೇಳಿದೋರು ಏನಂತಾರೆ?"

"ಕೇಳಿದೋರ ಬಾಯಿಗೊಂದು ಸೌತೆಕಾಯಿ ಇಡು," ಎಂದೆ, "ಏನೂ ಅನ್ನಲ್ಲ."